ಎಂಟು ರೂಪಾಯಿ ಬಾಕಿ

ಬರೆಯೋವಾಗ ಎರಡು ಲಕಾರ,
ಹೇಳೋವಾಗ ಒಂದೂ ಇಲ್ಲ.
"ಯೆಗಾರ್" ಅಂದಳು ಇನ್ಮಾ,
ಗೋಕುಲಂ ಮೂರನೇ ಹಂತದ ಹೊಂಗೆ ನೆರಳಲ್ಲಿ
ನನ್ನ ಇಸ್ತ್ರಿ ಗಾಡಿಗೆ ಒರಗಿ.
ತಲುಪು ಅಂತ. ಬಂದು ಸೇರು ಅಂತ.

ಯೋಗ ಕಲಿಯೋಕೆ ಬಂದವಳಿಗೆ ಕನ್ನಡದ ಹುಚ್ಚು.
ದಿನಕ್ಕೊಂದು ಮಾತು ಕೊಟ್ಟು
ಒಂದು ಮಾತು ಒಯ್ಯುತ್ತಾಳೆ.
ಬಟ್ಟೆಗೆ ಎಂಟು ರೂಪಾಯಿ, ಅದು ಬೇರೆ ಲೆಕ್ಕ.

ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ:
"ಹಳೇ ಕಾಲದಲ್ಲಿ, ಹೊಂಬಾಳಮ್ಮ,
ಲ್ಯಾಟಿನ್ನಲ್ಲಿ, ಇದು ಪ್ಲಿಕಾರೆ. ಮಡಿಸು.
ದಡ ಕಂಡ ಹಡಗಿನವರು
ಪಟ ಇಳಿಸಿ ಮಡಿಸುತ್ತಿದ್ದರಂತೆ.
ಮಡಿಸಿದರೆ ಬಂದಂತೆ."

ನಾನು ಕಂಡ ನೀರು ಕಾವೇರಿ,
ಪಟ್ಟಣದ ಒಗೆಯೋ ಬಂಡೆ, ಅಪ್ಪನ ಕತ್ತೆ.
ಹಡಗು ಕಂಡಿಲ್ಲ. ಆದರೆ ಮಡಿಸೋದು?
ಕೇಳವ್ವ ಅಂದೆ:
ಪಂಚೆಗೆ ನಾಲ್ಕು ಮಡಿಕೆ,
ರೇಷ್ಮೆಗೆ ಹಳೇ ಗೀರು ತಪ್ಪಿಸಿ ಹೊಸದು,
ಇಲ್ಲದಿದ್ದರೆ ಜರಿ ಸೀಳುತ್ತೆ.
ಅಂಗಿಯ ತೋಳು ಬೆನ್ನ ಹಿಂದೆ,
ಯಜಮಾನರ ಮುಂದೆ ನಿಂತವರ ಹಾಗೆ.

ಒಗೆದದ್ದು ಮಡಿ.
ಭತ್ತದ ಸಸಿ ಏಳೋದೂ ಮಡಿಯಲ್ಲಿ.
ನಾವು ಒಗೆದು ಕೊಟ್ಟದ್ದನ್ನೇ ಉಟ್ಟುಕೊಂಡು
ನಮ್ಮನ್ನು ಹಿತ್ತಿಲಲ್ಲೇ ನಿಲ್ಲಿಸ್ತಿದ್ದರಲ್ಲ,
ಅದೂ ಮಡಿ.
ಯುದ್ಧಕ್ಕೆ ಹೋದವರು ಮಡಿದರು.
ಅವಳು ಬರೆದುಕೊಂಡಳು,
ಹಿತ್ತಿಲಿಗೆ ಅಡಿಗೆರೆ ಎಳೆದಳು.

"ತಮಾಷೆ ಕೇಳು. ರೊಮೇನಿಯಾದಲ್ಲಿ
ಇದೇ ಬೇರಿನ ಮಾತಿಗೆ ಹೊರಡು ಅಂತ ಅರ್ಥ.
ಅವರು ಮಡಿಸಿದ್ದು ಡೇರೆ ಇರಬೇಕು."
ಪೆಟ್ಟಿಗೆಯ ಕೆಂಡ ಊದುತ್ತ ನಕ್ಕೆ.
ಅದೇನು ಮಹಾ? ನಮ್ಮೋರು
ಹೊಸಿಲು ದಾಟಿ ಹೋಗುವಾಗೆಲ್ಲ
ಹೇಳೋದೇ ಬತ್ತೀನಿ ಅಂತ.

ಅಪ್ಪನೂ ಅದನ್ನೇ ಹೇಳಿದ,
ದೊಡ್ಡಾಸ್ಪತ್ರೆಗೆ ಆಟೋ ಹತ್ತುವಾಗ,
ಟವೆಲು ನಾಲ್ಕು ಮಾಡಿ ಹೆಗಲಿಗೆ ಹಾಕಿಕೊಂಡು.
ಇದನ್ನು ಅವಳಿಗೆ ಹೇಳಲಿಲ್ಲ.
ಕಾಲರಿಗೆ ನೀರು ಚಿಮುಕಿಸಿದೆ,
ಸುಯ್ ಅಂತು.

ಮಾರ್ಚಿ ಕೊನೆಗೆ ವೀಸಾ ಮುಗಿಯಿತು.
ಅವಳದೂ ಆಟೋವೇ. ತಲೆ ಹೊರಗೆ ಹಾಕಿ
ಬೀದಿಗೆಲ್ಲ ಕೇಳೋ ಹಾಗೆ ಕೂಗಿದಳು:
"ಬತ್ತೀನಿ ಕಣವ್ವಾ!"
ಎದುರುಮನೆ ಕಾಫಿಯವನು ನಕ್ಕ.

ಗಾಡಿಯ ಕೆಳಗಿನ ಹಲಗೆ ಮೇಲೆ
ಅವಳ ಹಳದಿ ಅಂಗಿ ಒಂದು ಹಾಗೇ ಇದೆ.
ಕೂಗಿ ಕರೆಯಬಹುದಿತ್ತು.
ತಿಂಗಳಿಗೊಮ್ಮೆ ಬಿಚ್ಚಿ ಕೊಡವುತ್ತೀನಿ,
ಗೀರು ಕೂರದ ಹಾಗೆ ಬೇರೆ ಕಡೆ ಮಡಿಸ್ತೀನಿ.
ಎಂಟು ರೂಪಾಯಿ ಬಾಕಿ.