ಬಂದ್ರಾ

ಸೇಂಟ್ ಪಾಲ್ ಊರಿನ ಜನವರಿ ಚಳಿಗೆ
ಉಗುಳು ನೆಲ ಮುಟ್ಟುವ ಮೊದಲೇ ಗಾಜು.
ಅಂಥದೊಂದು ರಾತ್ರಿ ಏಳೂವರೆಗೆ ಬಾಗಿಲು ಬಡಿದರು.
ಇಬ್ಬರು. ಒಬ್ಬನ ಮೀಸೆಯಲ್ಲಿ ಹಿಮ.

ಅಜ್ಜಿ ಚಿಲಕ ಸರಿಸಿ
ಬಾಗಿಲಿಗೆ ಬಂದ ಯಾರಿಗಾದರೂ ಅನ್ನುವುದನ್ನೇ
ನಮ್ಮ ಹ್ಮಾಂಗ್ ಮಾತಿನಲ್ಲಿ ಅಂದಳು:
ಬಂದ್ರಾ.
ಅದಕ್ಕೆ ಉತ್ತರ, ಬಂದ್ವಿ. ಅಷ್ಟೇ.
ಕಣ್ಣೆದುರು ನಿಂತವರನ್ನು ಬಂದ್ರಾ ಅನ್ನುವುದರಲ್ಲಿ
ಕೇಳುವುದಾದರೂ ಏನಿದೆ?

ಏನಂತಾಳೆ ಮುದುಕಿ? ಮೀಸೆ ನನ್ನತ್ತ ಬಾಗಿತು.
ನನಗೆ ಒಂಬತ್ತು. ಕೈಯಲ್ಲಿ ಅರ್ಧ ತಿಂದ ಮೊಟ್ಟೆ.
ಶಾಲೆಯ ಇಂಗ್ಲಿಷಿನಲ್ಲಿ ಠೀವಿಯಿಂದ ಹೇಳಿದೆ:
ಒಳಗೆ ಬನ್ನಿ ಅಂತಿದಾಳೆ.

ವರದಿಯಲ್ಲಿ ಹೀಗಿದೆ, ಈಗಲೂ ಬಾಯಿಪಾಠ:
'ಮನೆಯ ಹಿರಿಯಳು ಸ್ವ-ಇಚ್ಛೆಯಿಂದ
ಶೋಧನೆಗೆ ಸಮ್ಮತಿಸಿರುತ್ತಾಳೆ.'
ಆ ಸ್ವ ನಾನು. ಆ ಇಚ್ಛೆ ನನ್ನ ಠೀವಿ.

ಅವರು ಹುಡುಕುತ್ತಿದ್ದದ್ದು ಟಿವಿ,
ಚಿಕ್ಕಪ್ಪ ನ್ಯಿಯಾನ ಗೆಳೆಯ ಎಲ್ಲಿಂದಲೋ ಎತ್ತಿದ್ದ ಮೂರು ಟಿವಿ.
ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ತೋಳಿಟ್ಟರು.
ದಿಂಬಿನ ಹೊಲಿಗೆ ಬಿಚ್ಚಿದರು.
ಅಕ್ಕಿ ಡಬ್ಬದಲ್ಲಿ ಟಿವಿ ಹಿಡಿಯುವುದಿಲ್ಲ ಎನ್ನುವುದಕ್ಕೆ
ಕಾನೂನೂ ಇದೆಯೆಂದು ತಿಳಿದದ್ದು
ನಾನು ಕೋರ್ಟಿನಲ್ಲಿ ದುಭಾಷಿಯಾದ ಮೇಲೆ.

ವಾರಂಟಿಲ್ಲದೆ ಎಲ್ಲೆಲ್ಲಿ ಕೈ ಹಾಕಬಹುದು
ಈಗ ನಿದ್ದೆಗಣ್ಣಲ್ಲೂ ಹೇಳಬಲ್ಲೆ.
ಒಳಗಿಂದ ಯಾರೋ ಚೀರಿದರೆ. ಹೊಗೆ ಎದ್ದರೆ.
ನಿಂತ ಜಾಗದಿಂದಲೇ ಕಣ್ಣಿಗೆ ಬಿದ್ದದ್ದಕ್ಕೆ;
ಬೀಳಿಸಿಕೊಳ್ಳಲು ಏನನ್ನೂ ಸರಿಸಬಾರದು.
ಹಿಡಿದವನ ಕೈಗೆಟುಕುವಷ್ಟು ಸುತ್ತಳತೆಗೆ.
ಓಡುವ ಕಾರಿಗೆ ಬೇರೆಯೇ ಲೆಕ್ಕ, ಅದು ಉದ್ದದ ಕಥೆ.
ಕೊನೆಗೆ, ಒಪ್ಪಿಗೆ.
ಮಿಕ್ಕ ಬಾಗಿಲುಗಳನ್ನು ಒಡೆಯಬೇಕು,
ಇದೊಂದು ತಾನಾಗಿ ತೆರೆಯುತ್ತದೆ.

ಮಂಚದ ಕೆಳಗಿನ ಡಬ್ಬಿಯಿಂದ ಒಯ್ದದ್ದು:
ಹೆಣದ ಖರ್ಚಿಗೆಂದು ಕಟ್ಟಿಟ್ಟ ಹಣ,
ಅವಳ ಮದುವೆಯ ಬೆಳ್ಳಿ ಕಂಠಿ,
ಬಾಣಂತಿ ಸಾರಿಗೆ ಒಣಗಿಸಿದ ಸೊಪ್ಪು, ನಾಲ್ಕು ಪೊಟ್ಟಣ.
ಸೊಪ್ಪನ್ನು ಮೀಸೆಯವನು ಮೂಸಿ ಮೂಸಿ ನೋಡಿದ.
ಪಾಪ, ಅವನಿಗೆ ನೆಗಡಿ.

ವಿಚಾರಣೆಗೆ ವಾಸೊ ಊರಿನಿಂದ ದುಭಾಷಿ ಬಂದಳು,
ಕಾ ಝೋವಾ ಲೋರ್, ಮಂದ ಕನ್ನಡಕದ ಹೆಂಗಸು.
ಆ ಮಾತಿಗೇನರ್ಥ? ನ್ಯಾಯಾಧೀಶೆ ಕೇಳಿದರು.
ಅವಳು ತುಂಬ ಹೊತ್ತು ಸುಮ್ಮನಿದ್ದಳು.
ಟೈಪು ಮಾಡುವವಳೂ ಬೆರಳೆತ್ತಿ ಕಾದಳು.
'ಹೊರಗಿಂದ ಬಡಿದ ಬಾಗಿಲಿಗೆ
ಒಳಗಿಂದ ತಿರುಗಿ ಬಡಿದ ಹಾಗೆ, ಅಮ್ಮ. ಅಷ್ಟೇ.'

ಸರ್ಕಾರಿ ವಕೀಲ ಎದ್ದ:
ಹಾಗಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದೇಕೆ?
ಅಜ್ಜಿ ಬ್ಲಿಯಾ ಮೌವಾ, ಎಪ್ಪತ್ತೊಂದು,
ಅವನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿ,
'ಬಾಗಿಲು ತೆರೆದೇ ಇಟ್ಟರೆ
ಗ್ಯಾಸಿನ ಬಿಲ್ಲು ನಿಮ್ಮಪ್ಪ ಕಟ್ಟುತ್ತಾನಾ?'
ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶೆ ನಗಲಿಲ್ಲ,
ಬರೆದುಕೊಂಡರು.

ಆದೇಶದಲ್ಲಿ ಒಂದು ಸಾಲು:
ಹೊಸಿಲು ದಾಟಲು ಬಿಟ್ಟದ್ದು
ಡಬ್ಬಿ ತೆರೆಯಲು ಬಿಟ್ಟದ್ದಲ್ಲ.
ಅದಕ್ಕೂ ಮೊದಲು ಇನ್ನೊಂದಿದೆ, ಓದದೆ ಹಾಯುತ್ತೇನೆ:
ಒಂಬತ್ತರ ಮಗುವಿನ ಬಾಯಿ ಮನೆಯ ಬಾಗಿಲಲ್ಲ.

ಎಂಟು ತಿಂಗಳಿಗೆ ವಸ್ತುಗಳು ಮರಳಿದವು.
ಸೊಪ್ಪು ಪುಡಿಯಾಗಿತ್ತು, ಹೊಳೆಗೆ ತೂರಿದಳು.
ಕಂಠಿಗೆ ದಾರದಲ್ಲಿ ಕಟ್ಟಿದ ಚೀಟಿ,
ನಂಬರು, ದಿನಾಂಕ, ಹೆಸರು.
ಹೊಸವರ್ಷಕ್ಕೆ ಹಾಕಿಕೊಂಡಾಗ ಕತ್ತರಿ ತಂದೆ.
ಕೈ ತಡೆದಳು:
ಇರಲಿ ಬಿಡು. ಈ ದೇಶಕ್ಕೆ ಬಂದ ಮೇಲೆ
ನನ್ನ ಹೆಸರನ್ನು ಸರಿಯಾಗಿ ಬರೆದದ್ದು ಇದೊಂದರಲ್ಲೇ.

ಆ ರಾತ್ರಿಯ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ.
ಡಾಕ್ಟರ ಬಳಿಗೆ ಹೋಗುವಾಗ ಮಾತ್ರ
ನನ್ನನ್ನು ಬಿಟ್ಟು ಪಕ್ಕದ ಮನೆಯ ಫೆಂಗನನ್ನು ಕರೆದೊಯ್ದಳು.

ಈಗ ನನ್ನ ಬಾಗಿಲು ಬಡಿದರೂ
ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ಹಿಡಿದು
ತೂತಿನಲ್ಲಿ ಕಣ್ಣಿಟ್ಟು ನೋಡುತ್ತೇನೆ,
ತಲೆಯಿಂದ ಕಾಲಿನವರೆಗೆ.
ಅಷ್ಟು ಹೊತ್ತೂ ಪಿಜ್ಜಾ ತಂದ ಹುಡುಗ
ಚಳಿಯಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ
ಭಾರ ಬದಲಿಸುತ್ತ ನಿಂತಿರುತ್ತಾನೆ.