ಇನ್ನೂರೈವತ್ತಾರನೆಯ ಸುತ್ತು

ಮೊದಲು ನೆಲ, ಅಂದರು ಸುಗಾವಾರ.
ನೆಲದ ತಂತಿ ಸೇರುವ ತನಕ ಬೇರೇನನ್ನೂ ಮುಟ್ಟಬೇಡ.
ಕಬ್ಬಿಣದ ಕಪಾಟಿಗೆ ಬೆರಳು ತಾಗಿಸಿ
ಉಣ್ಣೆಯಂಗಿಯ ಕಿಡಿಯನ್ನೆಲ್ಲ ಕಳೆದುಕೊಂಡು ಬಂದೆ.

ಹಾಕೊದಾತೆ ಬಂದರಿನ ಹಿಂದೆ, ಐಸ್ ಕಾರ್ಖಾನೆಗೆ ಒರಗಿಕೊಂಡು
ನಮ್ಮ ಅಂಗಡಿ. ಮೇಜಿನ ಮೇಲೆ ಅಂಗಾತ ಬಿದ್ದಿದೆ
ಬೊಂಡಾಸ್ ಹಿಡಿಯುವ ಯಂತ್ರದ ಬೋರ್ಡು,
ಉಪ್ಪು ತಿಂದು ಅಂಚೆಲ್ಲ ಹಸಿರು.
ನಡುವೆ ಪ್ರೊಸೆಸರು, ನಲವತ್ತು ಕಾಲಿನ ಜರಿ.

ದೋಣಿಯ ಕಸಾಯ್ ಹೇಳಿದ್ದು ಇಷ್ಟು:
ನಡುರಾತ್ರಿ, ದೀಪಗಳೆಲ್ಲ ಉರಿಯುತ್ತಿರುವಾಗ,
ಆಳದಿಂದ ದಾರ ಸುತ್ತಿಕೊಳ್ಳುತ್ತ ಬಂದ ಯಂತ್ರ
ಅರ್ಧದಲ್ಲೇ ನಿಂತುಬಿಡುತ್ತದೆ.
ಮೇಲೆ ಬಂದಾಯ್ತು, ಅನ್ನುತ್ತದೆ.
ಬಂದಿರುವುದಿಲ್ಲ.

ಒಂದು ತುದಿ ಸ್ವಲ್ಪ, ಇನ್ನೊಂದು ತುದಿ ಸ್ವಲ್ಪ,
ಹಾಲುಹಲ್ಲು ಅಲ್ಲಾಡಿಸಿದ ಹಾಗೆ
ಪ್ರೊಸೆಸರನ್ನು ಸಾಕೆಟ್ಟಿನಿಂದ ಎಬ್ಬಿಸಿ
ಕಪ್ಪು ಸ್ಪಂಜಿನ ಮೇಲೆ ಮಲಗಿಸಿದೆ.
ಅದು ಕೂತಿದ್ದಲ್ಲಿ ಈಗ ಎಮ್ಯುಲೇಟರಿನ ಪಾಡ್,
ಪಾಡಿನಿಂದ ಅಗಲದ ಪಟ್ಟಿ ಕೇಬಲ್ಲು,
ಕೇಬಲ್ಲಿನಾಚೆ ಬೂದು ಪೆಟ್ಟಿಗೆ, ಪೆಟ್ಟಿಗೆಯಾಚೆ ನಾನು.
ಪರಕಾಯ ಪ್ರವೇಶವೆಂದರೆ
ಮಂತ್ರವಲ್ಲ, ನಲವತ್ತು ಪಿನ್ನು.
ಮೋಟಾರಿಗೆ ಗೊತ್ತಿಲ್ಲ, ಸೆನ್ಸರಿಗೆ ಗೊತ್ತಿಲ್ಲ
ಯಜಮಾನ ಬದಲಾಗಿದ್ದಾನೆಂದು.

ಒಂದನೇ ಕಾಲು ಎಲ್ಲಿ? ಅಂದರು.
ತಿರುಗಾಮುರುಗಾ ಹಾಕಿದ್ದೆ.
ಬೈಯಲಿಲ್ಲ. ಎಂಬತ್ತೊಂಬತ್ತರಲ್ಲಿ ನಾನೂ
ಹೊಗೆ ಎಬ್ಬಿಸಿದ್ದೆ, ಅಂದು
ತಮ್ಮ ಲೋಟಕ್ಕೆ ಚಹಾ ಬಗ್ಗಿಸಿಕೊಂಡರು.

ಆಮೇಲೆ ಕೇಳಿದರು: ಗಡಿಯಾರ ಯಾರದು?
ಪೆಟ್ಟಿಗೆಗೆ ಅದರದೇ ಹರಳು, ಬೋರ್ಡಿಗೆ ಬೋರ್ಡಿನದು.
ಅಕ್ಕಿಕಾಳಿನಷ್ಟಿದ್ದ ಜಂಪರನ್ನು ಚಿಮುಟದಲ್ಲಿ ಎತ್ತಿ
ಪಕ್ಕದ ಮುಳ್ಳಿಗೆ ಸಿಕ್ಕಿಸಿದೆ.
ಹೊಕ್ಕ ಮೈಯ ನಾಡಿಗೇ ಬಡಿಯಬೇಕಲ್ಲ ಎದೆ.

ವಿದ್ಯುತ್ತು ಪೆಟ್ಟಿಗೆಗೆ ಮೊದಲು, ಬೋರ್ಡಿಗೆ ಆಮೇಲೆ.
ತೆರೆ ಮೂರು ಸಲ ಹೇಳಿತು:
ಗುರಿ ಉತ್ತರಿಸುತ್ತಿಲ್ಲ.
ನಾಲ್ಕನೆಯ ಸಲ ಉತ್ತರಿಸಿ, ಕಣ್ಣು ಮಿಟುಕಿಸುವುದರೊಳಗೆ
ಮತ್ತೆ ಮೊದಲಿನಿಂದ ಶುರು.
ಕಾವಲುನಾಯಿ, ಅಂದರು ನಗುತ್ತ.
ಪ್ರೊಸೆಸರು ಚೂರು ಸುಮ್ಮನಾದರೂ ಸತ್ತಿತೆಂದು ತಿಳಿದು
ಒದ್ದೆಬ್ಬಿಸುವ ಟೈಮರು ಅದು.
ನಾವಿದ್ದೇವೆ, ಮಲಗು ಅನ್ನು ಅದಕ್ಕೆ.
ಒಂದು ಬಿಟ್ಟು ಅಳಿಸಿದೆ. ಮಲಗಿತು.

ಈಗ ನಿಲ್ಲು ಅಂದರೆ ನಿಲ್ಲುತ್ತದೆ.
ಒಂದು ಹೆಜ್ಜೆ ಅಂದರೆ ಒಂದೇ ಹೆಜ್ಜೆ.
ಸುತ್ತು ಎಣಿಸುವ ಬೈಟಿನ ಬಾಗಿಲಲ್ಲಿ ಹೊಂಚು ಹಾಕಿದೆ:
ಇಲ್ಲಿ ಯಾರಾದರೂ ಸೊನ್ನೆ ಬರೆದರೆ ಹಿಡಿ.

ಉರುಳೆಗೆ ಕೈಹಿಡಿ ಸಿಕ್ಕಿಸಿ ಸುಗಾವಾರ ತಿರುಗಿಸತೊಡಗಿದರು.
ದಾರವಿಲ್ಲ, ಕಡಲಿಲ್ಲ, ಅಂಗಡಿಯ ನೆಲವೇ ಆಳ.
ಐವತ್ತು. ನೂರು. ಕೆಟಲು ಕುದಿಯಿತು.
ನೂರೆಂಬತ್ತಕ್ಕೆ ಕೈ ಬದಲಿಸಿದರು,
ನಾನು ತಿರುಗಿಸುತ್ತೇನೆಂದರೆ ಕೇಳಲಿಲ್ಲ.
ಇನ್ನೂರೈವತ್ತೈದು. ತೆರೆಯ ಮೇಲೆ ಎಫ್ ಎಫ್.
ಇನ್ನೊಂದು ಸುತ್ತು, ಸೊನ್ನೆ ಸೊನ್ನೆ,
ಕೆಂಪು ಗೆರೆ, ಎಲ್ಲ ಸ್ತಬ್ಧ.

ತಪ್ಪು ಚಿಪ್ಪಿನದಲ್ಲ, ಉಪ್ಪಿನದೂ ಅಲ್ಲ.
ಬೈಟು ತುಂಬಿ ಚೆಲ್ಲಿದೆ.
ಅಷ್ಟು ದಾರ ಕೆಳಗಿದ್ದೂ
ಕೆಳಗೇನೂ ಇಲ್ಲವೆಂದು ನಂಬಿದೆ ಯಂತ್ರ.

ಈ ಸಾಲು ಬರೆದದ್ದು ಯಾರು ಅಂತ ಕೇಳಲಿಲ್ಲ.
ಅವರೇ ಕನ್ನಡಕ ತೆಗೆದು ಒರೆಸುತ್ತ ಅಂದರು:
ಆಗ ದೀಪ ಹಚ್ಚಿದರೆ ಸಾಕಿತ್ತು,
ಬೊಂಡಾಸ್ ತಾವಾಗಿ ಮೇಲೇರುತ್ತಿದ್ದವು.
ಎಂಬತ್ತು ಸುತ್ತು, ಹೆಚ್ಚೆಂದರೆ ತೊಂಬತ್ತು.
ಇಷ್ಟು ಕೆಳಗೆ ಹುಡುಕಬೇಕಾದೀತೆಂದು...

ಐಸ್ ಕಾರ್ಖಾನೆಯ ಗಾಳಿಗೆ ಕಿಟಕಿ ಗಡಗಡಿಸಿತು.
ಇನ್ನೊಂದು ಬೈಟು ಕೊಟ್ಟರೆ ಆಯ್ತು, ಅಂದೆ.
ಕೊಡು, ಅಂದರು.
ಆದರೂ ಕೈಹಿಡಿ ಬಿಡಲಿಲ್ಲ.
ಓಡಲಿ, ಅಂದರು. ಓಡಲು ಬಿಟ್ಟೆ.
ಇನ್ನೂರೈವತ್ತೇಳು, ಅಂತ ಬಾಯಲ್ಲಿ ಎಣಿಸಿದರು,
ಇನ್ನೂರೈವತ್ತೆಂಟು,
ತೆರೆ ಮಾತ್ರ ಮಗುವಿನಂತೆ
ಒಂದು, ಎರಡು ಅನ್ನುತ್ತಿತ್ತು.