ಪಾವ ಕಿಲೋಕ್ಕ ಒಂದು ಗ್ರಾಮ್ ಕಡಿಮಿ

ಮೊದಲೆಲ್ಲ ಆಲ್ಬಮ್ ಎಷ್ಟು ಪುಟದ್ದು ಅಂತ ಕೇಳತಿದ್ರು.
ಈಗ ಚಪ್ಪಲಿ ಬಿಡೂಕಿಂತ ಮೊದಲ,
ಸ್ಟುಡಿಯೋ ಬಾಗಲದಾಗ ನಿಂತು
‘ಡ್ರೋನ್ ಐತೇನ್ರಿ?’
ಇಲ್ಲ ಅಂದ್ರ ಹೊಳ್ಳಿ ಹೋಗತಾರ.
ಐತಿ ಅಂದ್ರ ಮುಧೋಳದ ಹುಡುಗನ್ನ ಕರೀಬೇಕು,
ಅಂವ ದಿನಕ್ಕ ಆರು ಸಾವಿರ ತಗೊಂಡು
ಅಕ್ಕಿಕಾಳ ಬೀಳೂ ಹೊತ್ತಿಗೆ ಸರಿಯಾಗಿ
ಬ್ಯಾಟರಿ ಮುಗೀತು ಅಂತಾನ.

ಅದಕ್ಕ ಈ ಸಲದ ಭಿಶಿ ನಾನ ಎತ್ತೀನಿ.
ನಲವತ್ತು ನಂದು, ದಾವಲಸಾಬಂದು ಹದಿನೆಂಟು,
ಹಳೇ ಕ್ಯಾಸೆಟ್ ಕ್ಯಾಮೆರಾ ಮಾರಿ ಬಂದದ್ದು ಎರಡು.
ತಗೊಂಡಾಂವ ಅದನ್ನ ತನ್ನ ಹೋಟೆಲಿನ ಗ್ವಾಡಿಗೆ
ಮೊಳಿ ಹೊಡದು ತೂಗಹಾಕ್ಯಾನಂತ.
ಅರವತ್ತು ಸಾವಿರ.
ಬನಹಟ್ಟಿಯಿಂದ ಬೆಳಗಾವಿಗೆ ಮುಂಜಾನೆ ಬಸ್ಸು,
ಒಳಗಿನ ಕಿಸೆದಾಗ ರೊಕ್ಕ,
ಕಿಸೆಕ್ಕ ಹೆಂಡತಿ ಚುಚ್ಚಿ ಕೊಟ್ಟ ಪಿನ್ನು.

ಗೋಕಾಕದಾಗ ಇಳದು ಕರದಂಟು ತಗೊಂಡ ದಾವಲಸಾಬ.
‘ಬರೂವಾಗ ತಗೊಳ್ಳೂಣಲ್ಲೊ’ ಅಂದೆ.
‘ಬರೂವಾಗ ರೊಕ್ಕ ಉಳೀತೈತೇನ?’
ಪಾವ ಕಿಲೋ.

ಖಡೇಬಜಾರದ ಓಣ್ಯಾಗ ಕಡಿದಾದ ಮೆಟ್ಟಲ,
ಮ್ಯಾಲ ಜಾಧವನ ಅಂಗಡಿ. ‘ಬರ್ರಿ, ಬಸಾ ಬಸಾ.’
ಮೊದಲ ದೊಡ್ಡದೊಂದು ತಗದಿಟ್ಟ,
ಒಬ್ಬರ ಕೈಯಾಗ ಇದ್ದದ್ದು, ಹೊಸಾದರ ಅರ್ಧ ರೇಟು.
ದಾವಲಸಾಬ ಅದನ್ನ ಹೊಟ್ಟಿ ಮ್ಯಾಲ ಮಾಡಿ,
ಕನ್ನಡಕ ಹಣಿಗೇರಿಸಿ,
ಸ್ಕ್ರೂದ ತಲಿಯೊಳಗಿನ ತುಕ್ಕು ತೋರಿಸಿದ.
‘ಯಾವ ಬಾವ್ಯಾಗ ಈಸ್ಯಾಡಿ ಬಂದೈತ್ರಿ ಇದು?’
ಜಾಧವ ಚಹಾ ಹೇಳಿದ.

ಏಳು ಸಾವಿರದ್ದೂ ಇತ್ತು. ಫೋರ್ ಕೆ ಅಂತ
ಡಬ್ಬಿ ಮ್ಯಾಲ ಬಂಗಾರದ ಅಕ್ಷರ.
ಡಬ್ಬಿ ಮ್ಯಾಲ ಬರಿಯಾಕ ಏನ ಖರ್ಚು?
‘ಗಾಳಿ ಬಿಟ್ರ ಇದು ಗೋವಾಕ್ಕ ಹೋಗತೈತಿ’
ಅಂತ ಜಾಧವನ ಒಪ್ಪಿಕೊಂಡ.

ಆಮ್ಯಾಲ ಕಾಲು ಮಡಚಿ ಮಲಗಿದ್ದ
ಬೂದಿಬಣ್ಣದ ಒಂದು ಸಣ್ಣದು.
ಇನ್ನೂರಾ ನಲವತ್ತೊಂಬತ್ತು ಗ್ರಾಮ್.
ಪಾವ ಕಿಲೋ ದಾಟಿದ್ರ ಕಾಗದಪತ್ರ ಹೆಚ್ಚು ಅಂದ.
ಒಂದು ಅಂಗೈಯಾಗ ಅದನ್ನ ಇಟಗೊಂಡೆ,
ಇನ್ನೊಂದರಾಗ ಕರದಂಟಿನ ಪೊಟ್ಟಣ.
ಐವತ್ನಾಲ್ಕಕ್ಕ ತೂಕ ಸಾಲಲಿಲ್ಲ ಅನಿಸ್ತು, ಖರೇ ಹೇಳತೀನಿ.
ಒಂದು ಬ್ಯಾಟರಿಗೆ ಅರ್ಧ ತಾಸು, ಗಾಳಿ ಇದ್ರ ಇಪ್ಪತ್ತು ನಿಮಿಷ.
ನಮ್ಮ ಕಡೆ ಮದಿಮಗ ಕುದುರಿ ಇಳ್ಯಾಕ ಇಪ್ಪತ್ತು ನಿಮಿಷ ಬೇಕು.
ಇನ್ನೊಂದು ಬ್ಯಾಟರಿ ಐದು ಸಾವಿರ.
ಉಳಿಯೂದು ಒಂದು, ಬಸ್ಸಿಗೆ, ಊಟಕ್ಕ.

‘ಹಾರಿಸಿ ತೋರಸ್ರಿ’ ಅಂದ್ವಿ.
ಮಾಳಗಿ ಮ್ಯಾಲ ಬಿಸಿಲು.
ಪಕ್ಕದ ಮಾಳಗಿ ಹಗ್ಗದಾಗ ಸೀರಿ ಪಟಪಟ ಬಡಕೊಳ್ಳತಿತ್ತು,
ಇದು ಮಾತ್ರ ಅದ ಗಾಳ್ಯಾಗ
ಮೊಳಿ ಹೊಡದಂಗ ನಿಂತತಿ.
ಎತ್ತರ ಹೋಗೂದು ಎಲ್ಲಾಕೂ ಬರತೈತಿ.
ನಿಂದ್ರೂದಕ್ಕ ರೊಕ್ಕ ಕೊಡಬೇಕು.

ಜಾಧವ ಕ್ಯಾಮೆರಾ ಕೆಳಗ ಬಾಗಿಸಿದ.
ಪರದೆ ಮ್ಯಾಲ ನೀರಿನ ಟಾಕಿ, ಮುರದ ಕುರ್ಚಿ, ಮೂರು ನೆತ್ತಿ.
ನಡುವಿಂದು ಬೆಳ್ಳಗ.
ಹತ್ತೊಂಬತ್ತು ವರ್ಷ ಹೆಗಲಿಗೆ ಹೆಗಲ ಹಚ್ಚಿ ನಿಂತೀವಿ,
ಅಂವನ ಕೈಯಾಗ ಲೈಟು, ನನ್ನ ಕೈಯಾಗ ಕ್ಯಾಮೆರಾ.
ಕಪ್ಪು ಕೂದಲದಾಂವ ಅಂತ ತಿಳದಿದ್ದೆ.
ಕನ್ನಡಿಗೆ ಕಾಣುವಷ್ಟಕ್ಕ ಅಷ್ಟ ಬಣ್ಣ ಹಚ್ಚತಾನ ಪುಣ್ಯಾತ್ಮ.
ಅಂವನೂ ನೋಡಿದ. ಟೋಪಿ ಇಲ್ಲದ ತಲಿ ಮ್ಯಾಲ
ಸುಮ್ನ ಕೈಯಾಡಿಸಿಕೊಂಡ.
ನಾನು ‘ಇಳಸ್ರಿ, ಸಾಕು’ ಅಂದೆ.
ಚೌಕಾಶಿ ಮಾಡೂದ ಮರತಿದ್ದೆ. ಅಂವ ಮರೀಲಿಲ್ಲ,
ಇನ್ನೂರು ಬಿಡಿಸಿದ.

ಮೂಡಲಗಿ ದಾಟೂ ಹೊತ್ತಿಗೆ ಕತ್ತಲ.
ನನ್ನ ತೊಡಿ ಮ್ಯಾಲ ಡಬ್ಬಿ, ಡಬ್ಬಿ ಮ್ಯಾಲ ಎರಡೂ ಕೈ.
ಬಸ್ಸು ಕುಲುಕಿದಾಗೊಮ್ಮೆ ಅಂವನ ತಲಿ
ಜಾರಿ ಜಾರಿ ಕೊನಿಗೆ ನನ್ನ ಹೆಗಲಿಗೆ ಬಂತು,
ಗೇಣು ದೂರದಾಗ ಅದ ಬಿಳಿ ನೆತ್ತಿ.
ಎದುರಿಂದ ಬಂದ ಲಾರಿ ಬೆಳಕ ಹಾಕಿ ಹೋತು.

ಕಣ್ಣ ತಗೀದ ಕೇಳಿದ:
‘ಬಿಲ್ಲು ಇಸಗೊಂಡಿಯಿಲ್ಲೊ?’
ಪಿನ್ನು ಬಿಚ್ಚಿ ನೋಡಿದೆ. ಇತ್ತು.